ಸೀಬೆಯ ಮೇಲೊಂದು ಕಣ್ಣು, ಗೆಣಸಿನ ಮೇಲೊಂದು ಕೈ

ಗೆಣಸು ಬೆಳೆಯುವುದಕ್ಕೆ ಬುದ್ಧಿ ಬೇಕಿಲ್ಲ. ಬಳ್ಳಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಮಣ್ಣು ಏರಿಸಿ ಚುಚ್ಚಿ, ನೀರು ಹಾಕಿದರೆ ಆಯಿತು. ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದೆ. ಮಕ್ಕಳೇ, ಕಳೆದ ಗೌರಿ ಹಬ್ಬದ ಹೊತ್ತಿಗೆ ನಿಮ್ಮ ಅಜ್ಜಿಯ ದೃಢವಾದ ನಂಬಿಕೆ ಇದಾಗಿತ್ತು. ಸಂಕ್ರಾಂತಿಗೆ ನೀವು ಬಂದಾಗ, ಸಂತೆಯ ಗೆಣಸು ಯಾಕೆ ಬೇಯಿಸಿದೆ ಎಂದು ಕೇಳಿದಿರಲ್ಲ, ಆಗ ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ. ಎದುರಿಗೆ ನಿಂತು ಹೇಳಲು ನಾಚಿಕೆ. ಬರೆದರೆ ನನ್ನ ಮುಖ ನಿಮಗೆ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಗಂಗಜ್ಜಿ, ಅಂದರೆ ನನ್ನ ಓರಗಿತ್ತಿ ಗಂಗಮ್ಮ, ಮತ್ತು ನಾನು ಒಂದೇ ಗೋಡೆಯ ಆಚೀಚೆ ಇದ್ದೇವೆ. ಹಿತ್ತಲು ಮಾತ್ರ ಇಬ್ಬರಿಗೂ ಒಂದೇ. ಅದರ ತುಂಬ ತೆಂಗು. ಆ ನೆರಳಲ್ಲಿ ಕರಿಬೇವು ಕೂಡ ಮುಖ ಸಿಂಡರಿಸಿಕೊಂಡು ನಿಂತಿರುತ್ತದೆ. ಹೋದ ಮುಂಗಾರಿನಲ್ಲಿ ಒಂದು ಮುದಿ ಮರಕ್ಕೆ ಸಿಡಿಲು ಬಡಿದು, ಅದನ್ನು ಕಡಿಸಿದ ಮೇಲೆ, ಮಧ್ಯದಲ್ಲಿ ಎರಡು ಮಂಚ ಹಾಕುವಷ್ಟು ನೆಲಕ್ಕೆ ಬಿಸಿಲು ಬಿತ್ತು. ಗಂಗಮ್ಮನ ಗಂಡ, ನಿಮ್ಮ ಪರಮೇಶಜ್ಜ, ಅಲ್ಲಿಗೂ ಒಂದು ತೆಂಗಿನ ಸಸಿ ತರುತ್ತೇನೆಂದು ಹೊರಟ. ನಾನೂ ಗಂಗಮ್ಮನೂ ಒಂದೇ ಬಾಯಿಯಲ್ಲಿ ಬೇಡ ಅಂದೆವು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಒಪ್ಪಿದ ಮೊದಲ ಸಂಗತಿ ಅದು! ಆ ಒಪ್ಪಿಗೆ ಕಾಫಿ ಆರುವಷ್ಟು ಹೊತ್ತು ಇತ್ತು.

ಗಂಗಮ್ಮನಿಗೆ ಅಲ್ಲಿ ಸೀಬೆ ಗಿಡ ಬೇಕಿತ್ತು. ಒಂದು ಸಲ ನೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಹಣ್ಣು ಎಂಬುದು ಅವಳ ವಾದ. ಮೊಮ್ಮಕ್ಕಳು ಬರುವುದು ಸಂಕ್ರಾಂತಿಗೆ, ಗೆಣಸೇ ಸರಿ ಎಂಬುದು ನನ್ನದು. ಕೊನೆಗೆ ಪರಮೇಶ ಆ ಜಾಗದ ನಡುವೆ ತೆಂಗಿನ ನಾರಿನ ಹಗ್ಗ ಎಳೆದು ತೀರ್ಪು ಕೊಟ್ಟ. ಆಚೆ ಸೀಬೆ, ಈಚೆ ಗೆಣಸು. ಸಂಕ್ರಾಂತಿಯೊಳಗೆ ಯಾರದು ತಿನ್ನುವಂಥದ್ದು ಕೊಡುತ್ತದೋ ಇಡೀ ಜಾಗ ಅವರಿಗೆ.

"ಸೋತೋರು ಆಮೇಲೆ ಆ ಜಾಗದ ಮಾತೆತ್ತಂಗಿಲ್ಲ, ಅತ್ತಿಗೆ," ಅಂದ, ನನ್ನನ್ನೇ ನೋಡಿಕೊಂಡು.

ನಾನು ಕೆಂಕೆರೆಯ ತವರಿಂದ ಬಳ್ಳಿ ತರಿಸಿದೆ. ನಮ್ಮ ತವರಿನ ಗೆಣಸು ಬೆಂದರೆ ಮೂರು ಮನೆಯಾಚೆಗೆ ಗಮ್ಮೆನ್ನುತ್ತದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಗೆಣಸಿಗೆ ನಾಲ್ಕು ತಿಂಗಳು ಸಾಕು. ಸೀಬೆ ಕಾಯಿ ಬಿಡುವುದಕ್ಕೆ ವರ್ಷಗಳು ಬೇಕು. ಎಲ್ಲಿಯ ಹೋಲಿಕೆ! ಪಾಪ ಗಂಗಮ್ಮ ಎಂದು ನನಗೆ ಕನಿಕರವೇ ಬಂತು.

ತುರುವೇಕೆರೆಯಿಂದ ಆಟೋದಲ್ಲಿ ಅವಳ ಗಿಡ ಬರುವವರೆಗೆ ಆ ಕನಿಕರ ಇತ್ತು. ಅದು ಕಸಿ ಗಿಡ. ಮೊಣಕಾಲೆತ್ತರ ಇಲ್ಲ, ಆಗಲೇ ಹೂ ಬಿಟ್ಟಿದೆ! ನಡೆಯಲು ಬಾರದ ಕೂಸಿಗೆ ಮೀಸೆ ಬಂದ ಹಾಗೆ ಕಂಡಿತು. ಮಾರುವವರು ಅಂಟು ಹಚ್ಚಿ ಹೂ ಕೂರಿಸಿರಬೇಕು ಎಂದು ನನಗೆ ಅನುಮಾನ. ಯಾರೂ ಇಲ್ಲದಾಗ ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಕೈಗೇ ಬಂತು. ಅಂಟು ಇರಲಿಲ್ಲ.

ಬಾಯಿಬಿಟ್ಟು ಕೇಳುವುದೆಂದರೆ ನನಗೆ ಚಿಕ್ಕಂದಿನಿಂದಲೂ ಸಂಕೋಚ. ಅನುಮಾನ ಪಡುವುದಕ್ಕೆ ಮಾತ್ರ ಯಾವ ಸಂಕೋಚವೂ ಇಲ್ಲ.

ದೀಪಾವಳಿಯ ಹೊತ್ತಿಗೆ ಸೀಬೆಯಲ್ಲಿ ಒಂದು ಕಾಯಿ ನಿಂತಿತು. ನನ್ನ ಬಳ್ಳಿ ಹಗ್ಗದವರೆಗೂ ಹಬ್ಬಿತ್ತು, ನಿಜ. ಆದರೆ ಸೀಬೆ ತನ್ನಲ್ಲಿರುವುದನ್ನೆಲ್ಲ ಕೊಂಬೆಯ ಮೇಲೆ ತೋರಿಸುತ್ತದೆ. ಗೆಣಸು ಹಾಗಲ್ಲ. ಮೇಲೆ ಎಲೆ ಹರಡಿಕೊಂಡು, ಒಳಗೆ ಏನು ನಡೆಸಿದೆ ಎಂದು ಯಾರಿಗೂ ಹೇಳುವುದಿಲ್ಲ. ನಾವು ಕೊಬ್ಬರಿ ಸೀಮೆಯವರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಕೂಡಿಟ್ಟು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತೇವೆ. ಗಡಗಡ ಅಂದರೆ ಒಳಗೆ ಕೊಬ್ಬರಿಯಾಗಿದೆ, ಒಡೆಯಬಹುದು. ಕೇಳದೆ ಒಡೆಯುವುದು ನಮ್ಮಲ್ಲಿ ಇಲ್ಲ.

ನೆಲವನ್ನು ಅಲ್ಲಾಡಿಸುವುದು ಸಾಧ್ಯವಿಲ್ಲವಲ್ಲ. ಅದಕ್ಕೆ ಒಂದು ಮಧ್ಯಾಹ್ನ ಬಳ್ಳಿಯ ಪಕ್ಕ ಮಲಗಿ, ಮಣ್ಣಿಗೆ ಕಿವಿಯಿಟ್ಟು, ಬೆರಳಿನ ಗೆಣ್ಣಿನಿಂದ ಟಕಟಕ ತಟ್ಟಿ ಕೇಳಿದೆ.

ಗೆಣಸು ಉತ್ತರ ಕೊಡಲಿಲ್ಲ. ಗಂಗಮ್ಮ ಕೊಟ್ಟಳು.

"ರೀ, ಓಡ್ಬನ್ನಿ, ಅಕ್ಕ ಬಿದ್ದೋಗವ್ರೆ!"

ಎದ್ದು ಕೂತು ಗೆಣಸಿನ ಸದ್ದು ಕೇಳುತ್ತಿದ್ದೆ ಎಂದು ಹೇಳಬಹುದಿತ್ತು. ಹೇಗೆ ಹೇಳಲಿ? ಅದಕ್ಕಿಂತ ಜ್ಞಾನ ತಪ್ಪುವುದೇ ಮರ್ಯಾದೆ ಅನ್ನಿಸಿ ಕಣ್ಣು ಮುಚ್ಚಿಕೊಂಡೆ. ಅವರು ಮುಖಕ್ಕೆ ನೀರು ಹೊಡೆದರು. ಮೂಗಿಗೆ ಈರುಳ್ಳಿ ಹಿಡಿದರು. ಅಷ್ಟಕ್ಕೆ ಎದ್ದಿದ್ದರೂ ಆಗುತ್ತಿತ್ತು. ಎಷ್ಟು ಹೊತ್ತಿಗೆ ಎಚ್ಚರವಾದರೆ ಸಹಜವಾಗಿ ಕಾಣುತ್ತದೆ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಕಾರು ಬಂತು. ಡಾಕ್ಟರು ಸೂಜಿ ಚುಚ್ಚಿ, ವಾರ ಪೂರ್ತಿ ಹಾಸಿಗೆ ಬಿಟ್ಟು ಏಳಕೂಡದು ಅಂದರು. ಪರಮೇಶ ಎಲ್ಲದಕ್ಕೂ ತಲೆಯಾಡಿಸಿದ. ಗಂಗಮ್ಮ ನನ್ನ ಕೈ ಹಿಡಿದುಕೊಂಡು, "ನೀವೇನೂ ಯೋಚ್ನೆ ಮಾಡ್ಬೇಡಿ ಅಕ್ಕ, ನಿಮ್ ಗೆಣಸಿಗೆ ನಾನೇ ನೀರು ಹಾಕ್ತೀನಿ" ಅಂದಳು.

ಅಲ್ಲಿಯವರೆಗೆ ಇಲ್ಲದ ತಲೆಸುತ್ತು ಆಗ ನಿಜವಾಗಿಯೂ ಬಂತು. ಸ್ಪರ್ಧೆಗಿಟ್ಟ ಬೆಳೆ ಎದುರಾಳಿಯ ಕೈಗೆ! ವಾರವೆಲ್ಲ ಹಾಸಿಗೆಯಲ್ಲಿ ಬಿದ್ದುಕೊಂಡು, ಅವಳ ಕೊಡದ ಸದ್ದಿಗೆ ಕಿವಿಗೊಟ್ಟೆ. ಒಂದು ದಿನ ಸೀಬೆಗೆ ಹೆಚ್ಚು ಹೊತ್ತು ನೀರು ಬಿದ್ದ ಹಾಗೆ ಕೇಳಿಸಿತು. ಇನ್ನೊಂದು ದಿನ ಗೆಣಸಿಗೆ ಹೆಚ್ಚು ಬಿತ್ತು. ಎರಡನೆಯದೇ ಹೆಚ್ಚು ಅನುಮಾನಾಸ್ಪದ. ಒಳ್ಳೆಯ ಉದ್ದೇಶದಿಂದ ಯಾರು ಹಾಗೆ ಮಾಡುತ್ತಾರೆ?

ಎದ್ದು ಓಡಾಡುವ ಅಪ್ಪಣೆಯಾದ ದಿನ ಹಿತ್ತಲಿಗೆ ಹೋದೆ. ಗೋಡೆಗೆ ಒರಗಿಸಿದ ಉಪ್ಪಿನ ಚೀಲ ಕಂಡಿತು. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ನಮ್ಮ ಕಡೆ ಹೊಸದಲ್ಲ, ನಾನೇ ಎಷ್ಟೋ ಸಲ ಹಾಕಿದ್ದೇನೆ. ಆದರೆ ಚೀಲದ ಬಾಯಿ ಬಿಚ್ಚಿತ್ತು. ತೆಂಗಿಗೆ ಅಮೃತವಾದದ್ದು ಗೆಣಸಿಗೆ ವಿಷ. ಬಳ್ಳಿಯ ಬುಡದಿಂದ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟು ಪರೀಕ್ಷೆ ಮಾಡಿದೆ. ಉಪ್ಪು ಇರಲಿಲ್ಲ. ಇದ್ದದ್ದು ಹುಳಿಯಾರು ಕಡೆಯ ಹಟ್ಟಿಯಿಂದ ಗಂಗಮ್ಮ ತರಿಸಿ ಹಾಕಿದ್ದ ಕುರಿಗೊಬ್ಬರ.

ಬಾಯಿ ತೊಳೆದುಕೊಂಡ ಮೇಲೂ ಅನುಮಾನ ಹೋಗಲಿಲ್ಲ. ಊಟವಾಗಿ ಎಲ್ಲರೂ ಅಡ್ಡಾದ ಹೊತ್ತು ನೋಡಿ ಒಂದು ಬುಡ ಕೆದಕಿದೆ. ಬೆರಳು ಗಾತ್ರದ ಗೆಣಸು ಸಿಕ್ಕಿತು. ಮುದ್ದಾಗಿತ್ತು. ಎತ್ತಿ ಸೆರಗಿನಿಂದ ಒರೆಸಿ, ಮತ್ತೆ ಮಣ್ಣೊಳಗೆ ಮಲಗಿಸಿ ಮುಚ್ಚಿದೆ. ಮರುದಿನ ಅದು ಬೆಳೆದಿದೆಯೇ ಎಂದು ನೋಡಿದೆ. ಅದರ ಮರುದಿನ ಪಕ್ಕದ್ದನ್ನು ನೋಡಿದೆ. ಆಮೇಲೆ, ಹೆಗ್ಗಣ ಬಂದಿದೆಯೇ ಎಂದು ಎಲ್ಲವನ್ನೂ ನೋಡಿದೆ. ನೋಡಿದಷ್ಟೂ ಅವು ಬಾಡುತ್ತಾ ಬಂದವು. ಬಾಡಿದಷ್ಟೂ ನನ್ನ ಅನುಮಾನ ಬಲಿಯಿತು. ಬಲಿತಷ್ಟೂ ಹೆಚ್ಚು ಕೆದಕಿದೆ. ಇಷ್ಟು ಕಟ್ಟುನಿಟ್ಟಾದ ಕಾವಲು ಯಾವ ಬೆಳೆಗೂ ಸಿಕ್ಕಿರಲಾರದು!

ಆ ಹೊತ್ತಿಗೆ ಗಂಗಮ್ಮ ತನ್ನ ಸೀಬೆಕಾಯಿಗೆ ಹಳೆಯ ರವಿಕೆ ಬಟ್ಟೆ ಸುತ್ತಿ ಕಟ್ಟಿದಳು. ಗಿಣಿ ಕಚ್ಚದಿರಲಿ ಅಂತ. ಗಿಣಿಗೆ ಕಾಣಬಾರದ್ದು ನನಗೂ ಕಾಣಬಾರದೇ? ಒಳಗೆ ಕಾಯಿ ಇದೆಯೋ, ಸಂತೆಯಿಂದ ತಂದ ದಪ್ಪ ಹಣ್ಣು ಇದೆಯೋ? ಒಂದು ಮಧ್ಯಾಹ್ನ ಗಂಟು ಬಿಚ್ಚಿದೆ. ಕಾಯಿಯೇ ಇತ್ತು, ಅಪ್ಪಟ ಕಾಯಿ. ಎಲ್ಲಿ ಅಂಟಿದೆ ಎಂದು ತಿರುಗಿಸಿ ನೋಡಿದೆ. ಟಪ್ ಎಂದು ಅಂಗೈಗೆ ಬಂತು.

ನಾನು ಸುಮ್ಮನೆ ಹೋಗಿ ಅವಳ ಕಾಲು ಹಿಡಿಯಬೇಕಿತ್ತು. ಬದಲಿಗೆ ಬಾಳೆನಾರು ತಂದು, ಮಲ್ಲಿಗೆ ಕಟ್ಟುವ ಹಾಗೆ ತೊಟ್ಟಿಗೆ ಸುರಳಿ ಹಾಕಿ ಕೊಂಬೆಗೆ ಕಟ್ಟಿ, ಮೇಲೆ ಬಟ್ಟೆ ಸುತ್ತಿದೆ. ದೂರದಿಂದ ನೋಡಿದರೆ ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

ಹಬ್ಬದ ಹಿಂದಿನ ದಿನ ಪರಮೇಶ ಗುದ್ದಲಿ ಹಿಡಿದು ಬಂದ. ಮೊದಲು ಗೆಣಸು. ಬುಡ ಬುಡ ಅಗೆದರೂ ಇಲಿಬಾಲದಂಥ ಬೇರು, ಒಂದಿಷ್ಟು ಕೊಳೆತ ಚೂರು. ಜಾಗ ಕೈ ತಪ್ಪುತ್ತಿರುವುದು ಕಂಡು ನನಗೆ ಎಲ್ಲಿಲ್ಲದ ಧೈರ್ಯ ಬಂತು. ಜೀವನದಲ್ಲಿ ಮೊದಲ ಸಲ ನಾಲ್ಕು ಜನ ಕೇಳುವ ಹಾಗೆ ಮಾತಾಡಿದೆ. ನಾನು ಹಾಸಿಗೆ ಹಿಡಿದ ವಾರ ನೀರು ಹಾಕಿದವರು ಯಾರು, ಉಪ್ಪಿನ ಚೀಲ ಬಿಚ್ಚಿದವರು ಯಾರು, ಎಲ್ಲ ಕೇಳಿದೆ.

ಗಂಗಮ್ಮ ಸೀಬೆಯ ಬಟ್ಟೆ ಬಿಚ್ಚಿದಳು. ಒಣಗಿ ಅಡಿಕೆಯಾದ ಕಾಯೊಂದು ಬಾಳೆನಾರಿನಲ್ಲಿ ನೇತಾಡುತ್ತಿತ್ತು. ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಗೌರಿ ಹಬ್ಬಕ್ಕೆ ಅವಳ ಜಡೆಗೆ ಮಲ್ಲಿಗೆ ಕಟ್ಟಿಕೊಟ್ಟವಳು ನಾನೇ.

"ನಮ್ ಅಡುಗೆಮನೆ ಕಿಟಕಿ ಇತ್ಲಾಗೇ ಐತೆ ಕಣಕ್ಕ," ಅಂದಳು. "ನೀವು ದಿನಾ ಕೆದಕೋದೂ ನೋಡ್ತಿದ್ದೆ. ಇದನ್ನ ಕಟ್ಟಿದ್ದೂ ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೆದಕಬೇಡಿ, ಕೆಟ್ಟೋಯ್ತದೆ ಅಂದ್ರೆ ನೀವು ನಂಬ್ತಿದ್ರಾ? ಇವಳ್ಯಾಕೆ ಹಿಂಗಂತಾಳೆ ಅಂತ ಇನ್ನೂ ಎರಡು ಬುಡ ಕೀಳ್ತಿದ್ರಿ, ಬುಡಿ."

ಕೀಳುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ.

ಯಾರೂ ಗೆಲ್ಲಲಿಲ್ಲವಾದ್ದರಿಂದ ತೆಂಗಿನ ಸಸಿಯೇ ಸರಿ ಎಂದು ಪರಮೇಶ ಶುರು ಮಾಡಿದ. ಗಂಗಮ್ಮ ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡು, ನಡುವಿನ ಹಗ್ಗ ಬಿಚ್ಚಿ ಎಸೆದಳು. ಸೀಬೆ ದೊಡ್ಡದಾಗುವವರೆಗೆ ಅದರ ಸುತ್ತ ಗೆಣಸಿಗೆ ಬಿಸಿಲಿನ ಕೊರತೆಯೇನೂ ಇಲ್ಲವಂತೆ, ಜಾಗ ಇಬ್ಬರಿಗೂ ಇರಲಂತೆ. ಉಳಿದ ಬಳ್ಳಿಯನ್ನು ಕತ್ತರಿಸಿ ಅವಳೇ ಚುಚ್ಚಿದಳು. ನಾನು ನೀರು ಹಾಕಲು ಹೋದೆ. ಕೊಡವನ್ನು ನಯವಾಗಿ ಇಸಿದುಕೊಂಡಳು.

ಈಗ ಸೀಬೆಯೂ ಚಿಗುರಿದೆ, ಗೆಣಸೂ ಹಬ್ಬಿದೆ. ಎರಡನ್ನೂ ನಾನು ದೂರದಿಂದಲೇ ನೋಡುತ್ತೇನೆ, ಏಕೆಂದರೆ ಪರಮೇಶ ಸುತ್ತ ಮುಳ್ಳಿನ ಬೇಲಿ ಕಟ್ಟಿದ್ದಾನೆ. ದನ ನುಗ್ಗದಿರಲಿ ಅಂತ ಇಬ್ಬರೂ ಹೇಳುತ್ತಾರೆ. ಆ ಹಿತ್ತಲಿಗೆ ಇರುವುದು ಎರಡೇ ದಾರಿ ಮಕ್ಕಳೇ. ಒಂದು ಗಂಗಮ್ಮನ ಅಡುಗೆಮನೆ ಬಾಗಿಲು. ಇನ್ನೊಂದು ನನ್ನದು.