ಗಾಳಿಗೆ ಹಾಕಿದ ಚೀಟಿ ದುಡ್ಡು

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಎಂಬ ಒಂದೇ ಕಾರಣಕ್ಕೆ ಇಂಥವೆಲ್ಲ ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಇನ್ವರ್ಟರ್ ಕೂಗಿದರೆ ನನ್ನನ್ನು ಕರೆಯುತ್ತಾರೆ. ಗ್ರಹಣದ ದಿನ ಊಟ ಮಾಡಬಹುದೇ ಎಂದು ನನ್ನನ್ನು ಕೇಳುತ್ತಾರೆ. ಧಾರಾಳವಾಗಿ ಮಾಡಿ ಎಂದು ನಾನು ಹೇಳಿದ ಮೇಲೆ ಪಕ್ಕದ ಬೀದಿಯ ಸ್ವಾಮಿಗಳನ್ನು ಕೇಳಿ ಉಪವಾಸ ಮಾಡುತ್ತಾರೆ. ಕಾಲೇಜಿನಿಂದ ನಿವೃತ್ತನಾದ ಮೇಲಾದರೂ ಇದು ನಿಲ್ಲುತ್ತದೆ ಎಂದುಕೊಂಡಿದ್ದೆ. ಆಗ ನನ್ನ ಹೆಂಡತಿ ಬಂಡವಾಳ ಹೂಡಿದಳು.

ದಾವಣಗೆರೆಯ ನಮ್ಮ ಮನೆಯ ತಾರಸಿ ಮೇಲೆ ಪಿಲ್ಲರ್ ಕಂಬಿಗಳು ಆಕಾಶ ನೋಡುತ್ತ ನಿಂತಿವೆ. ಅಲ್ಲೊಂದು ರೂಮು ಏಳಬೇಕು ಎನ್ನುವುದು ಅವಳ ಹಳೆಯ ಆಸೆ. "ದೊಡ್ಡದು ಬ್ಯಾಡ. ಒಳಗಿಂದ ಚಿಲಕ ಹಾಕ್ಕೊಂಡು ಒಂದು ತಾಸು ಮಲಗಂಗಿರಬೇಕು. ಯಾರೂ ಕರೀಬಾರದು, ಅಷ್ಟೇ" ಎನ್ನುತ್ತಾಳೆ. ಅದಕ್ಕೆಂದೇ ಚೀಟಿ ಕಟ್ಟಿದ್ದಳು. ಚೀಟಿ ಎತ್ತಿದ ವಾರವೇ ಹರಿಹರದಿಂದ ಭಾಯ್ ಬಂದರು.

ಭಾಯ್ ಅಂದರೆ ಹರಿಹರದಲ್ಲಿ ಬೀರು, ಕೂಲರ್ ತಯಾರಿಸುವ ಶೆಡ್ಡಿನ ಮಾಲೀಕರು. ಕೊರೋನಾ ಬಂದು ಹೋದ ಮೇಲೆ ಊರಿಗೆ ಊರೇ ಗಾಳಿಯ ಬಗ್ಗೆ ಮಾತಾಡತೊಡಗಿತಲ್ಲ, ಭಾಯ್ ಮಾತಾಡಲಿಲ್ಲ, ಆಸ್ಪತ್ರೆಯ ಗಾಳಿ ಶುದ್ಧ ಮಾಡುವ ಮಷೀನು ತಯಾರಿಸಲು ಒಂದು ಕಂಪನಿಯನ್ನೇ ತೆಗೆದರು. "ದೊಡ್ಡ ಆಸ್ಪತ್ರಿಗೆ ದೊಡ್ಡ ಕಂಪನಿ ಅದಾವೆ. ಸಣ್ಣ ನರ್ಸಿಂಗ್ ಹೋಮಿನ ಗಾಳಿ ಯಾರ್ ನೋಡ್ತಾರೆ ಅಕ್ಕಾ?" ಎಂದರು. ಹೆಂಡತಿ ಮೂಲೆಯಲ್ಲಿದ್ದ ಕೂಲರ್ ಕಡೆ ನೋಡಿದಳು. ಅದೂ ಭಾಯ್ ಮಾಡಿದ್ದೇ. ನಾನು ಹೇಳಬೇಕಾದ್ದೆಲ್ಲ ಹೇಳಿದೆ. "ನಿಮ್ಮ ಸೈನ್ಸು ಈ ಮನ್ಯಾಗೆ ಒಂದು ಫ್ಯಾನ್ ರಿಪೇರಿ ಮಾಡಿಲ್ಲ. ಭಾಯ್ ಕೂಲರ್ ಇವತ್ತಿಗೂ ತಿರುಗ್ತೈತೆ" ಎಂದಳು. ಚೀಟಿ ದುಡ್ಡು ಹರಿಹರಕ್ಕೆ ಹೋಯಿತು.

ಪಾಲು ಅವಳದು, ಮೀಟಿಂಗಿಗೆ ಹೋಗುವ ಕರ್ಮ ನನ್ನದು. ಇನ್ನೊಬ್ಬ ಪಾಲುದಾರರು ಮಂಡಕ್ಕಿ ವ್ಯಾಪಾರದ ಸಾವ್ಕಾರ್ರು. ಭಾಯ್ ಲೆಕ್ಕ ಸರಳವಾಗಿತ್ತು. ಒಂದು ಆಸ್ಪತ್ರೆ ದುಡ್ಡು ಕೊಟ್ಟು ಒಂದು ಮಷೀನು ತಗೊಂಡರೆ ಸಾಕು, ಉಳಿದವರು ನೋಡಿ ತಾವೇ ಬರುತ್ತಾರೆ. ಆ ಒಂದು ಆಸ್ಪತ್ರೆ ಸಿಗುವವರೆಗೆ ನಮ್ಮ ತಾರಸಿಯಲ್ಲಿ ಕಂಬಿ, ಕಂಬಿಯ ಮೇಲೆ ಒಣಗುವ ಬಟ್ಟೆ.

೧. ಕನ್ನಡಿ

ಮೊದಲ ಮಷೀನು ನೋಡಲು ಹರಿಹರಕ್ಕೆ ಹೋದೆ. ಶೆಡ್ಡಿನ ನಡುವೆ ಒಂದು ಬೀರು ನಿಂತಿತ್ತು.

"ಮಷೀನ್ ಎಲ್ಲಿ ಭಾಯ್?"

"ಇದೇ ಸಾರ್."

ಬೀರು ಮಾಡಿ ಮಾಡಿ ಪಳಗಿದ ಕೈ. ಹೊರಗೆ ಹಿಡಿಕೆ ಇತ್ತು, ಬೀಗದ ತೂತಿತ್ತು, ಬಾಗಿಲಿಗೆ ಉದ್ದಕ್ಕೂ ಕನ್ನಡಿ ಇತ್ತು. ಒಳಗೆ ಮಾತ್ರ ಫ್ಯಾನು, ಫಿಲ್ಟರು, ಇದ್ದಿಲ ಪದರ ಎಲ್ಲ ಸರಿಯಾಗಿದ್ದವು. ನಾನು ತಪ್ಪು ಹುಡುಕಲೆಂದೇ ಹೋದವನು. ಒಳಗಡೆ ಸಿಗಲಿಲ್ಲ. ಹಾಗಾಗಿ ಹೊರಗಡೆಗೆ ಬಂದೆ.

"ಇದಕ್ಕೆ ಕನ್ನಡಿ ಯಾಕೆ?"

"ಕನ್ನಡಿ ಇಲ್ಲದ ಬೀರು ದಾವಣಗೆರ್‍ಯಾಗೆ ಯಾರ್ ತಗೊಂತಾರೆ ಸಾರ್?"

"ಇದು ಬೀರು ಅಲ್ಲ ಭಾಯ್."

ಭಾಯ್ ಮಷೀನನ್ನು ಮೇಲಿಂದ ಕೆಳಗೆ ನೋಡಿದರು. ಈ ದಿಕ್ಕಿನಲ್ಲಿ ಅವರು ಯೋಚಿಸಿರಲಿಲ್ಲ. ಆಮೇಲೆ ಕನ್ನಡಿಯನ್ನು ಅಂಗಿಯ ತೋಳಿನಿಂದ ಒರೆಸುತ್ತ ಹೇಳಿದರು:

"ಇರ್‍ಲಿ ಬಿಡ್ರಿ ಸಾರ್. ಪೇಶೆಂಟು ಗುಣ ಆದ್ಮ್ಯಾಲೆ ಒಂದ್ಸಲ ನೋಡ್ಕೊಬೇಕಲ್ಲ."

೨. ಕೆಂಪು ದೀಪ

ಉದ್ಘಾಟನೆ ಬೇಡ ಎಂದು ನಾನು ಹೇಳಿದ್ದರಿಂದ ಉದ್ಘಾಟನೆ ಜೋರಾಗಿಯೇ ನಡೆಯಿತು. ಸಾವ್ಕಾರ್ರು ಕಟ್ಟುಗಟ್ಟಲೆ ಊದುಬತ್ತಿ, ಕರ್ಪೂರ, ಧೂಪ ತಂದರು. ಭಾಯ್ ಕಡೆಯಿಂದ ಲೋಬಾನ ಬಂತು. ಎರಡೂ ಧರ್ಮದವರು ಸೇರಿ ಆ ತಗಡಿನ ಶೆಡ್ಡಿಗೆ ಹಾಕಿದ ಹೊಗೆಯಲ್ಲಿ ನನಗೆ ಪಕ್ಕದವರ ಮುಖ ಕಾಣಲಿಲ್ಲ. ಬರೀ ಕೆಮ್ಮು ಕೇಳುತ್ತಿತ್ತು.

ಮಷೀನಿಗೆ ಒಂದು ದೀಪವಿದೆ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಸಾವ್ಕಾರ್ರು ಮಷೀನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಸ್ವಿಚ್ ಹಾಕಿದರು. ದೀಪ ಕೆಂಪಗೆ ಹತ್ತಿತು. ಎಲ್ಲರೂ ಕಾದರು. ಕೆಂಪು ಕೆಂಪಾಗಿಯೇ ಇತ್ತು.

"ಅಪಶಕುನ ಆತಲ್ರಿ" ಎಂದರು ಸಾವ್ಕಾರ್ರು.

ಹೇಳದಿದ್ದರೆ ನಡೆಯುತ್ತಿತ್ತು. ಆದರೆ ಪಾಠ ಮಾಡಿದ ಬಾಯಿ. "ಅಪಶಕುನ ಅಲ್ಲ ಸಾವ್ಕಾರ್ರೆ, ಮಷೀನು ಸರಿಯಾಗಿ ಕೆಲಸ ಮಾಡ್ತಿದೆ. ನಿಮ್ಮ ಊದುಬತ್ತಿ ಹೊಗೆಯಿಂದ ಗಾಳಿ ಕೆಟ್ಟಿದೆ ಅಂತ ತೋರಿಸ್ತಿದೆ" ಎಂದೆ.

ಸಾವ್ಕಾರ್ರು ಮಷೀನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ದೇವರ ಹೊಗಿಗೇ ಕೆಂಪು ತೋರಿಸ್ತೈತೆ ಅಂದ್ರೆ ಇದು ನಾಸ್ತಿಕ ಮಷೀನು. ಮೇಷ್ಟ್ರೆ, ಖರೇ ಹೇಳ್ರಿ, ನೀವೇನಾದ್ರೂ ಒಳಗೆ ಕೈ ಹಾಕಿದ್ರೇನು?"

೩. ಮೆಣಸಿನಕಾಯಿ

ಪಿ.ಜೆ. ಬಡಾವಣೆಯಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರೊಬ್ಬರು ಒಂದು ತಿಂಗಳು ಪುಕ್ಕಟೆ ಇಟ್ಟು ನೋಡಲು ಒಪ್ಪಿದರು. ಪುಕ್ಕಟೆ ಎಂಬ ಮಾತು ಬರುವವರೆಗೆ ಅವರಿಗೆ ಗಾಳಿಯಲ್ಲಿ ಆಸಕ್ತಿ ಇರಲಿಲ್ಲ.

"ಈ ಡಾಕ್ಟ್ರು ತಗೊಂಡ್ರೆ ನನ್ನ ರೂಮಿಗೆ ಇಟ್ಟಿಗಿ ಬಂದಂಗೆ" ಎಂದಳು ಹೆಂಡತಿ. ಅದಕ್ಕೇ ವಾರಕ್ಕೊಮ್ಮೆ ಹೋಗಿ ನೋಡಿಬರುವ ಕೆಲಸ ನನಗೆ ಬಿತ್ತು. ಬೆಳಗ್ಗೆ ಹೋದರೆ ಮಷೀನು ಓಡುತ್ತಿತ್ತು, ಸಂಜೆ ಹೋದರೆ ಆರಿರುತ್ತಿತ್ತು. ಕೆಟ್ಟಿತೇನೋ ಎಂದು ಭಾಯ್ ಹರಿಹರದಿಂದ ಬಂದು ಬಿಚ್ಚಿ ನೋಡಿದರು. ಏನೂ ಆಗಿರಲಿಲ್ಲ. ಯಾರೋ ಆರಿಸುತ್ತಿದ್ದರು.

ಕೊನೆಗೆ ಹಿರಿಯ ನರ್ಸಮ್ಮನನ್ನು ಕೇಳಿದೆ. ಅವರು ಕಿಟಕಿ ತೋರಿಸಿದರು. ಕೆಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಅಂಗಡಿ.

"ನಿಮ್ಮ ಮಷೀನು ವಾಸನಿ ಎಲ್ಲಾ ಎಳ್ಕೊಂಡುಬಿಡ್ತೈತೆ ಸಾರ್. ಮೆಣಸಿನಕಾಯಿ ಬಾಣಲಿಗೆ ಬಿದ್ದದ್ದು ನಮಗೆ ಹೆಂಗೆ ಗೊತ್ತಾಗಬೇಕು? ಮೊನ್ನೆ ಕೆಳಗೆ ಹೋಗೋದ್ರೊಳಗೆ ಖಾಲಿ. ಬರೀ ಮಂಡಕ್ಕಿ ತಿಂದು ಡ್ಯೂಟಿ ಮಾಡೀವಿ."

ಮಷೀನು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅದನ್ನೇ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಬಿಸಿ ಮೆಣಸಿನಕಾಯಿ ಇತ್ತು. ಒಂದನ್ನು ನನ್ನ ಕಡೆ ತಳ್ಳುತ್ತ ಹೇಳಿದರು:

"ಪೇಶೆಂಟು ಉಸಿರಾಡಬೇಕು ಅಂತ ಸ್ಟಾಫು ಉಪಾಸ ಇರಾಕೆ ಆಗ್ತೈತೇನ್ರಿ ಮೇಷ್ಟ್ರೆ?"

೪. ಕರಪತ್ರ

ಜನಕ್ಕೆ ಗೊತ್ತಾಗಬೇಕು, ಜನ ಕೇಳಿದರೆ ಡಾಕ್ಟ್ರು ತಗೋತಾರೆ ಎಂದು ಸಾವ್ಕಾರ್ರು ಕರಪತ್ರದ ಮಾತೆತ್ತಿದರು. ಬರೆಯುವ ಕೆಲಸ ನನಗೇ ಬಂತು. 'ರೋಗಕಾರಕ ಸೂಕ್ಷ್ಮ ಕಣಗಳನ್ನು ಶೋಧಿಸುವ ವಾಯು ಶುದ್ಧೀಕರಣ ಯಂತ್ರ' ಎಂದು ಬರೆದುಕೊಟ್ಟೆ.

ಸಾವ್ಕಾರ್ರು ಓದಿದರು. "ಇದನ್ನ ಓದಿ ಮುಗಿಸೋದ್ರೊಳಗೆ ಪೇಶೆಂಟಿಗೆ ಉಸಿರೇ ಇರಲ್ಲ" ಎಂದು ಹೊಡೆದುಹಾಕಿ, ಅವರೇ ಬರೆದರು: 'ಕೆಟ್ಟ ಗಾಳಿ ಬಿಡಿಸುವ ಮಷೀನು. ಪಿ.ಜೆ. ಬಡಾವಣೆಯ ದವಾಖಾನೆಗೆ ಬಂದು ಕಣ್ಣಾರೆ ನೋಡಿ.'

ನಾನು ಕೈಮುಗಿದೆ. ಹಳ್ಳಿಯಲ್ಲಿ ಗಾಳಿ ಬಡಿಯಿತು ಅಂದರೆ ದೆವ್ವ ಮೆಟ್ಟಿತು ಅಂತ. ಗಾಳಿ ಬಿಡಿಸುವುದು ಅಂದರೆ ಬೇವಿನ ಸೊಪ್ಪು, ನಿಂಬೆಹಣ್ಣು, ಮಂತ್ರ. ಅದು ಬೇರೆಯೇ ಉದ್ಯೋಗ ಎಂದು ಬಿಡಿಸಿ ಹೇಳಿದೆ.

"ಗಾಳಿ ಅಂದ್ರೆ ಗಾಳಿ. ನೀವು ಓದಿದೋರದು ಇದೇ ಹಣೆಬರ, ಎಲ್ಲದ್ರಾಗೂ ಎರಡು ಅರ್ಥ ಹುಡುಕ್ತೀರಿ" ಎಂದು ಸಾವ್ಕಾರ್ರು ಮುದ್ರಣಕ್ಕೆ ಕಳಿಸಿದರು. ಹಂಚುವುದಕ್ಕೆ ಅವರಿಗೆ ಬೇರೆ ಖರ್ಚಿರಲಿಲ್ಲ. ಆನಗೋಡು, ಬಾತಿ ಕಡೆಯ ಹಳ್ಳಿಗಳಿಗೆ ಹೋಗುವ ಮಂಡಕ್ಕಿ ಚೀಲಕ್ಕೊಂದರಂತೆ ಹಾಕಿದರು.

೫. ಬಿಟ್ಟಿತೇನು?

ತಿಂಗಳು ಮುಗಿಯಿತು. ಡಾಕ್ಟರ ಫೋನು ಬಂತು. "ಮಷೀನು ಚೊಲೋ ಐತೆ. ಆದ್ರೆ ನನಗೆ ಬ್ಯಾಡ. ಒಯ್ಯಿರಿ."

ಹೆಂಡತಿ ಬಟ್ಟೆ ಬಕೆಟ್ಟು ಎತ್ತಿಕೊಂಡು ತಾರಸಿಗೆ ಹೋದಳು. ಅವಳು ಬೈದಿದ್ದರೆ ವಾಸಿಯಿತ್ತು.

ಭಾಯ್ ಲಗೇಜ್ ಆಟೋ ತಂದರು. ನಾವು ನರ್ಸಿಂಗ್ ಹೋಮಿಗೆ ಹೋದಾಗ ಬಾಗಿಲಲ್ಲೇ ಗಲಾಟೆ. ಆನಗೋಡಿನಿಂದ ಬಂದ ಒಬ್ಬ ಹಿರಿಯ ಹೆಂಗಸು ಸಾವ್ಕಾರ್ರ ಕರಪತ್ರವನ್ನು ಡಾಕ್ಟರ ಮುಖಕ್ಕೆ ಹಿಡಿದಿದ್ದರು. ಪಕ್ಕದಲ್ಲಿ ಸೊಸೆ ಕಣ್ಣು ಮೇಲೆ ಮಾಡಿಕೊಂಡು ತೂಗಾಡುತ್ತಿದ್ದಳು.

"ನಮ್ಮ ಸೊಸಿಗೆ ಗಾಳಿ ಬಡದೈತೆ. ಮಷೀನು ಎಲ್ಲೈತೆ ತೋರಿಸ್ರಿ."

ಡಾಕ್ಟರು ಸೊಸೆಯನ್ನು ಪರೀಕ್ಷೆ ಮಾಡಿದರು. "ಅಮ್ಮಾ, ಗಾಳಿ ಅಲ್ಲ. ರಕ್ತ ಇಲ್ಲ, ನಿದ್ದಿ ಇಲ್ಲ. ಮಾತ್ರಿ ಕೊಡ್ತೀನಿ, ಮನ್ಯಾಗೆ ರೆಸ್ಟ್ ಮಾಡ್ಲಿ."

"ಮನ್ಯಾಗೆ ಎಮ್ಮಿ ಅದಾವೆ, ಮಕ್ಕಳದಾವೆ. ರೆಸ್ಟ್ ಎಲ್ಲಿಂದ ಬರ್ತೈತೆ? ನೀವು ಗಾಳಿ ಬಿಡಿಸ್ರಿ, ಸಾಕು."

ಬೇರೆ ದಾರಿ ಕಾಣದೆ ಆ ಸೊಸೆಯನ್ನು ವಾರ್ಡಿನಲ್ಲಿ ಮಷೀನಿನ ಪಕ್ಕದ ಮಂಚದ ಮೇಲೆ ಮಲಗಿಸಿದರು. ನರ್ಸಮ್ಮ ಸ್ವಿಚ್ ಹಾಕಿ, ಬಾಗಿಲು ಮುಂದೆ ಮಾಡಿ, "ಬಿಡೋ ಹೊತ್ನಾಗೆ ಮನಿಯೋರು ಯಾರೂ ಒಳಗೆ ಬರಂಗಿಲ್ಲ" ಎಂದು ತಾವೇ ಒಂದು ಶಾಸ್ತ್ರ ಹುಟ್ಟಿಸಿದರು. ಮಷೀನು ಗುಂಯ್ ಎನ್ನತೊಡಗಿತು. ಸೊಸೆ ಮಗ್ಗುಲಾದವಳೇ ಗೊರಕೆ ಹೊಡೆದಳು.

ಸುಮಾರು ಹೊತ್ತು ಕಳೆಯಿತು. ಭಾಯ್ ಆಟೋದಲ್ಲಿ, ನಾನು ಬೆಂಚಿನ ಮೇಲೆ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಅತ್ತೆ ಆಗಾಗ ಎದ್ದು "ಬಿಡ್ತೇನ್ರಿ?" ಎಂದು ಕೇಳುತ್ತಿದ್ದರು. ಕೊನೆಗೆ ನನ್ನೊಳಗಿನ ಮೇಷ್ಟ್ರು ತಡೆಯಲಿಲ್ಲ. ನರ್ಸಮ್ಮನ ಜೊತೆ ಒಳಗೆ ಹೋದೆ. ಹುಡುಗಿ ಆಗ ತಾನೆ ಕಣ್ಣು ಬಿಟ್ಟಿದ್ದಳು.

"ನೋಡಮ್ಮಾ, ಗಾಳಿ ಪಾಳಿ ಅಂತ ಯಾವುದೂ ಇಲ್ಲ. ಇದು ಬರೀ ಧೂಳು ಹಿಡಿಯೋ ಮಷೀನು" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಮುಚ್ಚಿದೆ ಎಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದಳು:

"ಗೊತ್ತೈತೆ ಸಾರ್. ನಾನೂ ಸೈನ್ಸೇ. ನಿಮ್ಮ ಕ್ಲಾಸಿನಾಗೆ ಹಿಂದಿನ ಬೆಂಚಿನಾಗೆ ಕೂಡ್ತಿದ್ದೆ. ಅಲ್ಲೂ ಹಿಂಗೇ ನಿದ್ದಿ ಬರ್ತಿತ್ತು."

ಹೇಳಿ ಹೊದಿಕೆಯನ್ನು ಮತ್ತೆ ಕತ್ತಿನತನಕ ಎಳೆದುಕೊಂಡಳು.

"ಸಾರ್, ಒಂದು ಉಪಕಾರ ಮಾಡ್ರಿ. ಇನ್ನೂ ಬಿಟ್ಟಿಲ್ಲ, ಇನ್ನೊಂದು ತಾಸು ಬೇಕು ಅಂತ ನಮ್ಮತ್ತಿಗೆ ಹೇಳ್ರಿ."

ಜೀವಮಾನವಿಡೀ ದೆವ್ವ ಇಲ್ಲ ಎಂದು ಪಾಠ ಮಾಡಿದವನು ನಾನು. ಹೊರಗೆ ಬಂದೆ. ಅತ್ತೆ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು ಹೇಳಿದೆ: "ಅರ್ಧ ಬಿಟ್ಟಿದೆ. ಇನ್ನೊಂದು ತಾಸು ಆಗ್ತದೆ."

ಸಂಜೆ ಸೊಸೆ ಎದ್ದು, ಮಷೀನಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಕುಂಕುಮ ತಿದ್ದಿಕೊಂಡು, ನಗುತ್ತ ಹೊರಬಂದಳು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅತ್ತೆ ಮಷೀನಿಗೆ ಕೈಮುಗಿದು ಹೋದರು. ಭಾಯ್ ಮಷೀನನ್ನು ಆಟೋಕ್ಕೆ ಏರಿಸಲು ಒಳಗೆ ಬಂದಾಗ ಬಾಗಿಲಲ್ಲಿ ಬಾತಿಯಿಂದ ಬಂದ ಇನ್ನೊಂದು ಅತ್ತೆ-ಸೊಸೆ ಜೋಡಿ ನಿಂತಿತ್ತು, ಕೈಯಲ್ಲಿ ಕರಪತ್ರ.

ಡಾಕ್ಟರು ಆ ಜೋಡಿಯನ್ನು ನೋಡಿದರು, ಮಷೀನನ್ನು ನೋಡಿದರು. "ಭಾಯ್, ಕೆಳಗಿಡ್ರಿ. ಇದಕ್ಕೆ ದುಡ್ಡು ಕೊಡ್ತೀನಿ. ಇನ್ನೊಂದು ಮಾಡಿಕೊಡ್ರಿ. ಕನ್ನಡಿ ಇರೋದೇ ಆಗಬೇಕು."

ಭಾಯ್ ನನ್ನ ಕಡೆ ತಿರುಗಿದರು. ಏನೂ ಅನ್ನಲಿಲ್ಲ. ದೊಡ್ಡ ಮನುಷ್ಯ.

ಮನೆಗೆ ಬಂದು ತಾರಸಿ ಹತ್ತಿದೆ. ಹೆಂಡತಿ ಕಂಬಿಗಳ ನಡುವೆ ಬಟ್ಟೆ ಮಡಚುತ್ತಿದ್ದಳು. ಎಲ್ಲ ಹೇಳಿದೆ. ಒಂದು ಆಸ್ಪತ್ರೆ ಸಿಕ್ಕಿತು, ದೆವ್ವದ ಕೃಪೆಯಿಂದ. ಇನ್ನು ನಿನ್ನ ರೂಮು ಏಳಬಹುದು. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಆ ಹುಡುಗಿ ಎಷ್ಟೊತ್ತು ಮಲಗಿದ್ಲು?"

"ಮಧ್ಯಾಹ್ನದಿಂದ ಸಂಜೆತನಕ."

"ಯಾರೂ ಕರೀಲಿಲ್ಲ?"

"ಕರೆಯೋ ಹಾಗಿರಲಿಲ್ಲ."

ಮಡಚಿದ ಬಟ್ಟೆಯನ್ನು ನನ್ನ ಕೈಗಿಟ್ಟಳು. "ರೀ, ನನಗೂ ಬೆಳಗ್ಗಿಂದ ಯಾಕೋ ಗಾಳಿ ಬಡಿದಂಗಾಗೈತೆ."

"ಗಾಳಿ ಅಂತ ಯಾವುದೂ ಇಲ್ಲ ಕಣೇ."

"ಇಲ್ಲದ ಗಾಳಿಗೆ ನನ್ನ ಚೀಟಿ ದುಡ್ಡು ಹೋಗೈತೇನು? ನಡೀರಿ ನಾಳೆ."

ಮರುದಿನ ಕರೆದುಕೊಂಡು ಹೋದೆ. ಪಾಲುದಾರರಿಗೆ ರಿಯಾಯಿತಿ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಬೆಂಚಿನ ಮೇಲೆ ಕೂತೆ, ನಿನ್ನೆ ಆನಗೋಡಿನ ಅತ್ತೆ ಕೂತಿದ್ದ ಜಾಗದಲ್ಲೇ. ಮಧ್ಯಾಹ್ನವಾಯಿತು. ಕೆಳಗಿನಿಂದ ಮೆಣಸಿನಕಾಯಿ ವಾಸನೆ ಬಂತು, ಹೋಯಿತು. ಮನೆಯಲ್ಲಿ ಅಡುಗೆ ಆಗಿರಲಿಲ್ಲ ಎನ್ನುವುದು ನೆನಪಾಯಿತು. ಎದ್ದು ಬಾಗಿಲ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ:

"ಬಿಟ್ಟಿತೇನೇ?"

ಒಳಗೆ ಮಷೀನು ಗುಂಯ್ ಎನ್ನುತ್ತಿತ್ತು. ನಿದ್ದೆಗಣ್ಣಿನ ದನಿಯೊಂದು ಬಂತು:

"ಇಲ್ರೀ. ಇದು ಹಳೇ ಗಾಳಿ, ಮದುವಿ ಆದಾಗ ಹಿಡಿದದ್ದು. ಅಷ್ಟು ಲಗೂನ ಬಿಡಲ್ಲ. ನೀವು ಮಂಡಕ್ಕಿ ತಿಂದ್ಬರ್ರಿ."