ಒಂಟೆ ಬಿದ್ದ ಮೇಲೆ

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಚದುರಂಗದಲ್ಲಿ ಇದಕ್ಕಿಂತ ಸರಳವಾದ ನಿಯಮ ಇನ್ನೊಂದಿಲ್ಲ. ಕಾನ್ವೆಂಟ್ ಶಾಲೆಯಲ್ಲಿ ನಮಗೆ ಆಟ ಕಲಿಸಿದ ಫಾದರ್, ಕುದುರೆ ಹೇಗೆ ನಡೆಯುತ್ತದೆ ಎಂದು ಹೇಳುವ ಮೊದಲೇ ಇದನ್ನು ಹೇಳಿದ್ದರು. ಆದರೆ ಹೊಸಪೇಟೆಯ ಸುತ್ತಮುತ್ತ ನಾನು ಯಾರೆದುರು ಕೂತರೂ ಈ ನಿಯಮ ಮುರಿದು ಬೀಳುವುದು ಮಾತ್ರ ತಪ್ಪಿಲ್ಲ.

ಕಾಲುವೆ ಕಚೇರಿಯಿಂದ ನಿವೃತ್ತನಾದ ಮೇಲೆ ಕಪ್ಪು ಕಾಯಿಯಲ್ಲಿ ಆಡುವ ಒಂದು ಖಡಕ್ ಆರಂಭವನ್ನು, ಅಂದರೆ ಮೊದಲ ನಡೆಗಳ ವರಸೆಯನ್ನು, ಕಲಿಯಲು ಕೂತೆ. ಕಾರಣ, ಕಂಪ್ಲಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರು. ಪ್ರತಿ ಸಲವೂ ಅವರ ಬಿಳಿ ಕುದುರೆ ಹಾರಿ ಬಂದು ನನ್ನ ರಾಜನ ಮಗ್ಗುಲಿನ ಕಾಲಾಳಿನ ಮೇಲೆ ಕಣ್ಣು ಹಾಕುತ್ತಿತ್ತು. ನಾನು ಅದನ್ನು ಕಾಯುತ್ತ ಕಾಯುತ್ತ ಸೋಲುತ್ತಿದ್ದೆ.

ಹೊಸ ಆರಂಭದಲ್ಲಿ ಕಾಯುವ ಮಾತೇ ಇಲ್ಲ. ಕುದುರೆ ಒಳಗೆ ನುಗ್ಗಿ ಕಾಲಾಳನ್ನು ತಿಂದು, ನನ್ನ ಮಂತ್ರಿಗೂ ಆನೆಗೂ ಒಟ್ಟಿಗೆ ಗುರಿಯಿಟ್ಟರೂ ತಲೆ ಕೆಡಿಸಿಕೊಳ್ಳದೆ, ನನ್ನ ಒಂಟೆಯನ್ನು ಒಯ್ದು ಅವರ ರಾಜನ ಪಕ್ಕದಲ್ಲಿ ಕೆಡವಿ ಚೆಕ್ ಕೊಡಬೇಕು. ಒಂಟೆಯನ್ನು ತಿನ್ನಲು ರಾಜ ಹೊರಗೆ ಬಂದನೋ, ನನ್ನ ಕುದುರೆ, ಮಂತ್ರಿ ಸೇರಿ ಅವನನ್ನು ಬಯಲಿನಲ್ಲಿ ಅಟ್ಟಾಡಿಸಬೇಕು. ತನ್ನ ಮನೆಗೆ ಬೆಂಕಿ ಬಿದ್ದರೂ ತಿರುಗಿ ನೋಡದೆ ಎದುರು ಮನೆಯವನ ಕುತ್ತಿಗೆ ಹಿಡಿಯುವ ಆಟ. ನನ್ನ ಸ್ವಭಾವಕ್ಕೆ ತೀರ ವಿರುದ್ಧ. ಆದ್ದರಿಂದಲೇ ಶ್ರದ್ಧೆಯಿಂದ ಕಲಿತೆ. ಆಸೆ ಒಂದೇ: ಒಂಟೆ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು.

ಬರಬೇಕಾಗಿದ್ದ ಫೋನು

ಟಿ.ಬಿ. ಡ್ಯಾಂ ಕಾಲನಿಯಲ್ಲಿ ನಮ್ಮ ಎದುರು ಮನೆಯವರು ನಿವೃತ್ತ ಹೆಡ್‌ಮಾಸ್ತರರು. ಮೊದಲ ಪ್ರಯೋಗ ಅವರ ಮೇಲೆ. ಅವರ ಕುದುರೆ ನುಗ್ಗಿತು, ಕಾಲಾಳನ್ನು ತಿಂದಿತು. ಮಾಸ್ತರರು ತೊಡೆ ತಟ್ಟಿಕೊಂಡರು.

“ಸರ, ಮಂತ್ರಿ ಉಳಿಸ್ಕೊಂತೀರೋ, ಆನಿ ಉಳಿಸ್ಕೊಂತೀರೋ? ಜಲ್ದಿ ಹೇಳ್ರಿ!”

ನಾನು ಒಂಟೆಯನ್ನು ಕೆಡವಿದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಇದೇನ್ರಿ ಇದು?”

“ಚೆಕ್.”

“ಹಂಗಾರ ಕುದುರಿ ವಾಪಸ್. ನಾ ಫೋನಿನ್ಯಾಗ ಮಾತಾಡಾಕತ್ತಿದ್ದೆ, ನೋಡ್ಲಿಲ್ಲ.”

“ನಿಮಗೆ ಫೋನೇ ಬಂದಿಲ್ಲವಲ್ಲ?”

“ಬರೋದಿತ್ತು.”

ನಾನೂ ಒಂಟೆಯನ್ನು ಎತ್ತಿ ಹಳೆಯ ಮನೆಗೆ ಇಟ್ಟೆ. ಕುದುರೆ ವಾಪಸಾಯಿತು. ಆ ಮನೆಯೂ ಸರಿಕಾಣದೆ ಅದಕ್ಕೂ ಹಿಂದಿನ ಮನೆಗೆ ಹೋಯಿತು. ಆಮೇಲೆ ಅವರ ಒಂಟೆ, ಆಮೇಲೆ ಕಾಲಾಳು. ನೋಡುತ್ತಿದ್ದಂತೆ ಬಿಳಿ ಸೈನ್ಯವೆಲ್ಲ ಹೊರಟಲ್ಲಿಗೇ ಬಂದು ಸಾಲಾಗಿ ನಿಂತಿತು. ನನ್ನ ಉಳಿದ ಕಾಯಿಗಳನ್ನೂ ಅವರೇ ಮುತುವರ್ಜಿಯಿಂದ ಹಿಂದೆ ಇಟ್ಟುಕೊಟ್ಟರು. ಬಳಿಕ ನಿಟ್ಟುಸಿರುಬಿಟ್ಟು ಕೈ ಚಾಚಿದರು.

“ಡ್ರಾ ಮಾಡ್ಕೊಂಡುಬಿಡೋಣ್ರಿ ಸರ. ಇಬ್ಬರದೂ ಸಮ ಐತಿ.”

ಕೆಂಪು ಸೈನ್ಯ

ನನ್ನ ಹೆಂಡತಿಯ ತಮ್ಮ ಸಂಡೂರಿನ ಹತ್ತಿರದ ಯಶವಂತನಗರದಲ್ಲಿ ಅದಿರಿನ ಲಾರಿಗಳ ತೂಕ ನೋಡುತ್ತಾನೆ. ಅವನ ಶೆಡ್ಡಿನ ಮುಂದೆಯೇ ಹಲಗೆ ಹಾಕಿ ಕೂತೆವು. ಅದು ನನ್ನ ತಪ್ಪು ಲೆಕ್ಕಾಚಾರ. ಹಾದುಹೋದ ಒಂದೊಂದು ಲಾರಿಯೂ ಹಲಗೆಯ ಮೇಲೆ ಒಂದೊಂದು ಪದರ ಧೂಳು ಇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಸೈನ್ಯವೂ ಇಲ್ಲ, ಕಪ್ಪು ಸೈನ್ಯವೂ ಇಲ್ಲ. ಎರಡೂ ಕಡೆಯವರು ಸಂಡೂರಿನವರೇ, ಕೆಂಪಗೆ.

ನಾನು ಒಂಟೆಯನ್ನು ಕೆಡವಿ ಚೆಕ್ ಹೇಳುವಾಗ ಅವನು ಲಾರಿಯ ತೂಕಕ್ಕೆಂದು ಎದ್ದುಹೋದ. ವಾಪಸ್ ಬಂದವನು ಎದುರಿನ ಕುರ್ಚಿಗೆ ಹೋಗದೆ ನನ್ನ ಪಕ್ಕದಲ್ಲೇ ಕೂತು, ಕೈಗೆ ಹತ್ತಿರವಿದ್ದ ರಾಜನನ್ನು ಎತ್ತಿ ಒಂದು ಮನೆ ಸರಿಸಿದ.

“ತಗೊಳ್ರಿ ಮಾಮಾ, ತಪ್ಪಿಸ್ಕೊಂಡ ರಾಜ.”

“ಅದು ನನ್ನ ರಾಜ.”

ಅವನು ರಾಜನನ್ನು ಊದಿದ. ಕೆಳಗಿನಿಂದ ಕಪ್ಪು ಬಣ್ಣ ಕಾಣಿಸಿತು. “ಹೌದಲ್ಲ! ಹಂಗಾರ ವಾಪಸ್.”

“ಮುಟ್ಟಿದ ಮೇಲೆ ವಾಪಸ್ ಇಲ್ಲ.”

ಅವನು ನನ್ನನ್ನು ಕರುಣೆಯಿಂದ ನೋಡಿದ. “ಮುಟ್ಟಿದ್ದು ನಾನು, ಕಾಯಿ ನಿಮ್ದು. ಅಂದ್ರ ತಪ್ಪು ಇಬ್ಬರ್ದೂ ಐತಿ ಮಾಮಾ. ಹಲಗಿ ಝಾಡಿಸಿ ಮೊದಲಿಂದ ಆಡೋಣು.”

ನಿಯಮ ಇತ್ತ, ಊಟ ಅತ್ತ

ಕಡೆಗೆ ಕಂಪ್ಲಿಗೇ ಹೋದೆ. ವರ್ಷಕ್ಕೊಮ್ಮೆ ನಮ್ಮ ಡ್ಯಾಂನವರಿಗೂ ಕಂಪ್ಲಿಯವರಿಗೂ ಪಂದ್ಯ. ಕರೆದವರ ಊರಲ್ಲಿ ಆಟ, ಕರೆದವರದೇ ಊಟ. ಈ ಸಲ ಊಟ ಗಿರಣಿ ಮಾಲೀಕರದು. ಅವರ ಎದುರು ಕಪ್ಪು ಕಾಯಿ ಹಿಡಿದು ಕೂತೆ. ಕುದುರೆ ಬಂತು. ತಿಂದಿತು. ನಾನು ಒಂಟೆಯನ್ನು ಕೆಡವಿದೆ. ಸುತ್ತ ನಿಂತವರು ಹಲಗೆಯ ಹತ್ತಿರ ಸರಿದರು.

ಮಾಲೀಕರು ಮೀಸೆ ಸವರಿದರು. “ಕುದುರಿ ವಾಪಸ್ ರೀ. ಕೈ ಜಾರ್ತು.”

ನಾನು ತೀರ್ಪುಗಾರರನ್ನು ಕರೆದೆ. ಅವರು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು, ಹೋಳಿಗೆಯ ವಾಸನೆ ಬರುತ್ತಿದ್ದ ಕಡೆ ನೋಡಿದರು.

“ಸರ, ನಿಯಮ ನಿಮ್ಮ ಕಡಿ ಐತಿ. ಇಲ್ಲ ಅನ್ನಂಗಿಲ್ಲ. ಆದ್ರ ಊಟ ಅವರ್ದೈತಿ.”

ನನ್ನ ಕಡೆಯವರೇ ಹಿಂದಿನಿಂದ ಭುಜ ತಟ್ಟಿದರು. “ಕೊಟ್ಟುಬಿಡ್ರಿ, ಹೋಳಿಗಿ ಆರಾಕತ್ಯಾವು.”

ನಾನು ಒಪ್ಪಲಿಲ್ಲ. ಹಲಗೆಯ ಮುಂದೆ ಕೂತೇ ಇದ್ದೆ. ಉಳಿದವರೆಲ್ಲ, ಮಾಲೀಕರೂ ತೀರ್ಪುಗಾರರೂ ಸೇರಿ, ಎಲೆಯ ಮುಂದೆ ಕೂತಿದ್ದರು.

ಮೆಂತ್ಯ

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಇವರು ಯಾರೂ ಕೆಟ್ಟವರಲ್ಲ. ಗೆಲ್ಲುತ್ತಿರುವಾಗ ಯಾರೂ ನಿಯಮ ಮುರಿಯುವುದಿಲ್ಲ. ಒಂಟೆ ಬಿದ್ದ ಕ್ಷಣ, ಇಷ್ಟು ಹೊತ್ತು ನಡೆದದ್ದೆಲ್ಲ ನಡೆದೇ ಇಲ್ಲ ಅನ್ನಿಸಿಬಿಡುತ್ತದೆ. ಆದರೆ ಕಾಲುವೆಗೆ ಬಿಟ್ಟ ನೀರನ್ನು ವಾಪಸ್ ಡ್ಯಾಮಿಗೆ ತುಂಬಿದವರನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ. ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಹೆಂಡತಿ ಮೊರದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಅಷ್ಟ್ಯಾಕ ಮರಗ್ತೀರಿ? ನಾ ಆಡ್ತೀನಿ, ಕುಂದ್ರಿ.”

ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದವಳು, ನಡೆಗಳೆಲ್ಲ ಗೊತ್ತಿದ್ದವು. ನಾನು ಮೊದಲು ನಿಯಮ ಹೇಳಿದೆ. “ಗೊತ್ತೈತಿ, ಆಡ್ರಿ,” ಎಂದಳು.

ಒಂದು ಕೈಯಲ್ಲಿ ಸೊಪ್ಪು, ಇನ್ನೊಂದರಲ್ಲಿ ಕುದುರೆ. ಥೇಟ್ ಗಿರಣಿ ಮಾಲೀಕರಂತೆಯೇ ನುಗ್ಗಿ ಕಾಲಾಳನ್ನು ತಿಂದಳು. ನಾನು ಒಂಟೆಯನ್ನು ಕೆಡವಿದೆ. ಅವಳು ಒಂಟೆಯನ್ನು ತಿನ್ನಲಿಲ್ಲ. ವಾಪಸ್ ಎಂದೂ ಕೇಳಲಿಲ್ಲ. ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿ ಸೊಪ್ಪಿಗೆ ಕೈ ಹಾಕಿದಳು.

“ಒಂಟೆ ಪುಕ್ಕಟೆ ಇದೆಯಲ್ಲ, ತಿನ್ನುವುದಿಲ್ಲವೇ?”

“ಪುಕ್ಕಟಿ ಬಂದದ್ದು ನಮಗ್ಯಾವತ್ತು ದಕ್ಕೈತ್ರಿ? ಬ್ಯಾಡ.”

ಈಗ ನಾನು ಮಾಡಬೇಕಾದದ್ದು ಒಂದೇ, ಅವಳ ಕುದುರೆಯಿಂದ ಮಂತ್ರಿಯನ್ನು ಉಳಿಸಿಕೊಳ್ಳುವುದು. ಅದು ನನಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಒಂಟೆ ಬಿದ್ದ ಕೂಡಲೇ ಎದುರಿನವರು ವಾಪಸ್ ಕೇಳುವುದು, ನಾನು ಒಂಟೆಯನ್ನು ಎತ್ತಿ ಹಳೆಯ ಮನೆಗೆ ಇಡುವುದು, ಇಷ್ಟೇ ಅದರ ಅಭ್ಯಾಸ. ಅದು ತಾನಾಗಿಯೇ ಹೋಗಿ ಒಂಟೆಯನ್ನು ಎತ್ತಿತು.

“ಮುಟ್ಟಿದ್ರಿ,” ಎಂದಳು.

“ಅದು ನಡೆ ಅಲ್ಲ. ಎಲ್ಲರೂ ವಾಪಸ್ ಕೇಳುತ್ತಾರಲ್ಲ, ಆ ರೂಢಿಯಲ್ಲಿ…”

“ನಾ ಕೇಳೀನೇನು?”

“ಇಲ್ಲ.”

“ಮತ್ತ?”

“ಇದೊಂದು ಸಲ,” ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಸೊಪ್ಪಿನತ್ತ ತಿರುಗಿದಳು. ನಾನು ಒಂಟೆಯನ್ನು ಎಲ್ಲಿಗಾದರೂ ನಡೆಸುವವರೆಗೆ ಕಡ್ಡಿ ಮುರಿಯುತ್ತ ಕಾದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಕುದುರೆಯಿಂದ ನನ್ನ ಮಂತ್ರಿಯನ್ನು ಹೊಡೆದು, ಬಿಸಾಡಲು ತೆಗೆದಿಟ್ಟಿದ್ದ ಮೆಂತ್ಯದ ಕಡ್ಡಿಗಳ ಮೇಲೆ ಹಾಕಿದಳು.