ಲಡಿ ಹಿಡಿದು ಕೂತವರು

ನಮ್ಮ ಮನೆಯವರ ಸೋದರತ್ತೆ ದಾರಿಯಲ್ಲಿ ಬಂದರೆ ಕುರಿಗಳೂ ಮೈ ಮುದುರಿಕೊಂಡು ಬದಿಗೆ ಸರಿಯುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಆ ಕಾಲದಲ್ಲಿ ಹರಪನಹಳ್ಳಿಯ ನಮ್ಮ ಓಣಿಯಲ್ಲಿದ್ದಿದ್ದರೆ ನಂಬುತ್ತಿದ್ದಿರಿ. ಉಲ್ಲನ್ ಎಂದರೆ ಅತ್ತೆಗೆ ಅಷ್ಟು ಜೀವ.

ಆ ದಿನ ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಕಾಯಿಸಿ, ರೊಟ್ಟಿಗೆ ಹಿಟ್ಟು ನಾದಲು ಕೂತಿದ್ದೆ. ಪಡಸಾಲೆಯಿಂದ ಅತ್ತೆಯ ದನಿ ಬಂತು.

"ಏ ಹುಡುಗಿ, ಹಿಟ್ಟು ಆಮ್ಯಾಲೆ ನಾದೀಯಂತಿ. ಕೈ ತೊಳಕೊಂಡು ಬಾ, ಲಡಿ ಹಿಡಿ."

ಹೋಗದೆ ಉಂಟೆ? ಆಗ ಉಲ್ಲನ್ ಉಂಡೆಯಾಗಿ ಸಿಗುತ್ತಿರಲಿಲ್ಲ, ಲಡಿಯಾಗಿ ಬರುತ್ತಿತ್ತು. ಒಬ್ಬರು ಎರಡೂ ಕೈಗೆ ಲಡಿ ತೊಡಿಸಿಕೊಂಡು ಕೂರಬೇಕು, ಇನ್ನೊಬ್ಬರು ಎಳೆ ಹಿಡಿದು ಉಂಡೆ ಸುತ್ತಬೇಕು. ಸುತ್ತುವವರು ಯಾವಾಗಲೂ ಅತ್ತೆ. ಹಿಡಿಯುವವರು ಮಾತ್ರ ಯಾರಾದರೂ ಆಗಬಹುದು. ಒಮ್ಮೆ ಪೋಸ್ಟ್‌ಮ್ಯಾನ್ ಸಿಕ್ಕಿಬಿದ್ದು, ಓಣಿಯ ಪತ್ರಗಳೆಲ್ಲ ಮಧ್ಯಾಹ್ನದವರೆಗೆ ನಮ್ಮ ಕಟ್ಟೆಯ ಮೇಲೆಯೇ ಇದ್ದವು. ಮೂಗು ತುರಿಸಿದರೂ ಪಾಪ, ಅವನು ಅತ್ತೆಯನ್ನೇ ಕೇಳಬೇಕು.

ಇಷ್ಟು ಹೆಣೆದರೂ ತೊಡುವವರಾರು? ನಮ್ಮೂರಿನ ಚಳಿ ವರ್ಷಕ್ಕೆ ಒಂದು ವಾರ ಬರುತ್ತದೆ, ಅದೂ ಬೆಳಿಗ್ಗೆ ಎಂಟು ಗಂಟೆಯೊಳಗೆ. ಹಾಗಾಗಿ ನಮ್ಮ ಮನೆಯಲ್ಲಿ ಟ್ರಾನ್ಸಿಸ್ಟರ್ ಸ್ವೆಟರ್ ತೊಟ್ಟಿತ್ತು. ಚಹದ ಕಿಟ್ಲಿಯೂ ತೊಟ್ಟಿತ್ತು. ನಮ್ಮ ಮನೆಯವರ ಸೈಕಲ್ ಸೀಟು ನೀಲಿ ಟೊಪ್ಪಿಗೆ ಹಾಕಿಕೊಂಡು ಕೋರ್ಟಿಗೆ ಹೋಗಿಬರುತ್ತಿತ್ತು.

ಉಲ್ಲನ್ ಕೊಳ್ಳುವ ದಿನವಂತೂ ಬಸ್ ಸ್ಟ್ಯಾಂಡ್ ಹತ್ತಿರದ ಸಾಬರ ಅಂಗಡಿಗೆ ಗ್ರಹಣ. ಅತ್ತೆ ಮೊದಲು ಎಳೆಯನ್ನು ಕೆನ್ನೆಗೆ ಉಜ್ಜುವರು, ಆಮೇಲೆ ಬಿಸಿಲಿಗೆ ಹಿಡಿದು ಬಣ್ಣ ನೋಡುವರು, ಕೊನೆಗೆ ಸೆರಗಿನ ಗಂಟಿನಿಂದ ಬೆಂಕಿಪೊಟ್ಟಣ ತೆಗೆದು ತುದಿಯನ್ನು ಸುಡುವರು. ಸುಟ್ಟ ಕೂದಲಿನ ನಾತ ಬಂದರೆ ಅಸಲಿ ಉಣ್ಣೆ, ಕರಗಿ ಗಂಟಾದರೆ ನೈಲಾನು.

"ಅಮ್ಮಾರ, ಅಂಗಡಿಗೆ ಬೆಂಕಿ ಬಿದ್ದೀತ್ರಿ," ಎಂದು ಸಾಬರು ಬೇಡಿಕೊಳ್ಳುವರು.

"ಬೀಳವಲ್ದ್ಯಾಕ. ನಿನ್ನ ಅಂಗಡ್ಯಾಗ ಖರೇ ಕುರಿ ಎಷ್ಟು ಅದಾವು ಅಂತ ಗೊತ್ತಾಗ್ಲಿ."

"ಒಂದೇ ಐತ್ರಿ. ಗಲ್ಲಾದ ಹಿಂದ ಕುಂತೈತಿ."

ಇಂಥ ಅತ್ತೆಗೆ ಒಂದು ದೊಡ್ಡ ನಂಬಿಕೆ ಇತ್ತು. ಲಡಿ ಹಿಡಿದವರ ಮನಸ್ಸಿನಲ್ಲಿ ಬಚ್ಚಿಟ್ಟ ಮಾತಿದ್ದರೆ ಎಳೆ ಗಂಟಾಗುತ್ತದಂತೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಥದ್ದಕ್ಕೆಲ್ಲ ನಗುವವಳು. ಆದರೆ ಆ ದಿನ ಬಚ್ಚಿಟ್ಟದ್ದು ಇತ್ತಲ್ಲ.

ನನಗೆ ಏಳು ತಿಂಗಳು ತುಂಬಿತ್ತು. ಅದಕ್ಕೂ ಮೊದಲು ಎರಡು ಸಲ ಕೂಸು ತೊಟ್ಟಿಲವರೆಗೆ ಬಂದಿರಲಿಲ್ಲ. ಇದಾದರೂ ಉಳಿಯಲಿ ಎಂದು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದರು, ಬಾಯಿಬಿಟ್ಟು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಹುಟ್ಟುವ ಮೊದಲು ಕೂಸಿಗೆಂದು ಏನನ್ನೂ ತರಬಾರದು, ಹೊಲಿಯಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ನಾನು ತಂದಿದ್ದೆ. ಕೊಟ್ಟೂರಿಗೆ ಹೋದಾಗ ಕೆನೆಬಣ್ಣದ ಎರಡು ಲಡಿ ಕೊಂಡು ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೆ. ಸಿಸ್ಟರ್‌ಗಳು ಕಲಿಸಿದ್ದ ಹೆಣಿಗೆ ನೆನಪಿತ್ತು. ಒಂದು ಕುಲಾವಿ, ಕೂಸಿನ ತಲೆಗೊಂದು ಪುಟ್ಟ ಟೊಪ್ಪಿಗೆ, ಅಷ್ಟೆ. ಕೈಗೆ ಕೆಲಸವಿದ್ದರೆ ಹೆದರಿಕೆ ಕಡಿಮೆಯಾದೀತು ಅಂದುಕೊಂಡಿದ್ದೆ. ತಂದ ಮೇಲೆ ಹೆದರಿಕೆ ಎರಡು ಪಟ್ಟಾಯಿತು. ಏನಾದರೂ ಆದರೆ ನನ್ನಿಂದಲೇ ಅಲ್ಲವೆ?

ಎಳೆ ಗಂಟಾಯಿತು.

"ಏನು ಬಚ್ಚಿಟ್ಟೀ?"

"ಏನಿಲ್ಲತ್ತಿ."

ಇನ್ನೊಂದು ಗಂಟು ಬಿತ್ತು. ಅತ್ತೆ ಉಂಡೆ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಎರಡೂ ಕೈ ಲಡಿಯಲ್ಲಿ ಸಿಕ್ಕಿಕೊಂಡಿದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಅತ್ತೆಯೇ ಸೆರಗಿನಿಂದ ಒರೆಸಿದರು, ಹಂಚಿನ ಮಸಿ ಒರೆಸಿದಷ್ಟೇ ಒರಟಾಗಿ. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಆ ಎರಡು ಲಡಿ ತಂದರು. ಕೆನ್ನೆಗೆ ಉಜ್ಜಿದರು. ಬೆಳಕಿಗೆ ಹಿಡಿದರು. ಬೆಂಕಿಪೊಟ್ಟಣ ಮಾತ್ರ ತೆಗೆಯಲಿಲ್ಲ.

"ಛಲೋ ಐತಿ. ಮೆತ್ತಗೈತಿ," ಅಂದರು. "ಆದ್ರ ಇದು ನಮ್ಮನ್ಯಾಗ ಇರಬಾರ್ದು."

ಲಡಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ರೊಟ್ಟಿ ಬಡಿದೆ. ಒಂದೂ ದುಂಡಗಾಗಲಿಲ್ಲ. ಎಲ್ಲಿ ಎಸೆದರೋ, ಕೊಟ್ಟೂರಿನ ಬಸ್ಸು ಹತ್ತಿ ತಿರುಗಿ ಕೊಟ್ಟೇ ಬಂದರೋ? ಮಧ್ಯಾಹ್ನ ಅತ್ತೆ ಊಟಕ್ಕೆ ಬಂದು, ಆ ಸೊಟ್ಟ ರೊಟ್ಟಿಯನ್ನೇ ಉಂಡು, ಮತ್ತೆ ಹೊರಗೆ ಹೋದರು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತವಳು ಕೂಸು ಹೊರಳಿದಾಗಲೊಮ್ಮೆ ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಮೆಕ್ಯಾನಿಕ್ ಸಾಬರ ಹೆಂಡತಿ ನಮ್ಮ ಜರಡಿ ತಿರುಗಿ ಕೊಡಲು ಬಂದರು. ಹೊಸ್ತಿಲ ಹೊರಗೇ ನಿಂತು, ಜರಡಿಯನ್ನು ಒಮ್ಮೆ ಗೋಡೆಗೆ ಬಡಿದು ಧೂಳು ಕೊಡವಿದರು.

"ನಿಮ್ಮತ್ತಿಗೆ ಏನಾಗೈತಿ ಒಂದೀಟು ಕೇಳ್ರಿ," ಅಂದರು. "ಮುಂಜಾನಿಂದ ನಮ್ಮ ಕಟ್ಟಿ ಮ್ಯಾಲೆ ಕುಂತು ನಮ್ಮ ಮೇಕಿ ಮರಿಗೆ ಕುಲಾವಿ ಹೆಣ್ಯಾಕತ್ಯಾರ. ತಲಿ ಅಳತಿ ತಗೋರಿ ಅಂತ ಮರಿ ಹಿಡಕೊಂಡು ಹೋದ್ರ, ಈಗ ಬ್ಯಾಡ, ಹುಟ್ಟಿದ ಮ್ಯಾಲೆ ನೋಡಾಣ ಅಂತಾರ. ನಮ್ಮ ಮರಿ ಹುಟ್ಟಿ ತಿಂಗಳಾತಲ್ರಿ."